ಕೂಸಿಗೆ ಆಗದ ಫ್ರಾಕು

ಮನೆಯಿಂದ,
ಮಾರ್ಚ್ ೧೨, ಭಾನುವಾರ

ನನ್ನ ಬಂಗಾರದಂಥ ಮಗಳೇ,

ಹೇಗಿದ್ದೀಯ? ನೀನು ಕೆಲಸಕ್ಕಿರೋ ಆ ಮನೆಯ ಮಹಡಿ ಹತ್ತಿ ಇಳಿದು ಬಂದ ಸೊಂಟನೋವು ಇಳಿಯಿತಾ? ನನ್ನ ಮಂಡಿ ಎಂದಿನ ಹಾಗೇ, ಬೆಳಿಗ್ಗೆ ನನಗಿಂತ ಮೊದಲು ಎದ್ದು ಕೂಗಾಡುತ್ತೆ.

ನೀನು ಕಳಿಸಿದ ಫ್ರಾಕು ಬಂತು. ನೀನು ನೋಡಿಕೊಳ್ಳೋ ಹುಡುಗಿಗೆ ಬೇಡವಾಗಿದ್ದಾದರೂ ಹೊಸದರ ಹಾಗೇ ಇದೆ. ಆ ಹುಡುಗಿಗೂ ನಿನ್ನ ಕೂಸಿಗೂ ಒಂದೇ ವಯಸ್ಸು, ಆಗೇ ಆಗುತ್ತೆ ಅಂದುಕೊಂಡಿರ್ತೀಯ, ಪಾಪ. ನಮ್ಮ ಕೂಸು ಆಸೆಯಿಂದ ತಲೆ ತೂರಿಸಿದಳು, ತೋಳು ತೂರಿಸಿದಳು, ಹೊಟ್ಟೆ ಹತ್ತಿರ ಸಿಕ್ಕಿಕೊಂಡಿತು. ಉಸಿರು ಬಿಗಿಹಿಡಿದು ಎಳೆದದ್ದಕ್ಕೆ ಹೊಲಿಗೆ ಪರ್ರಂತ ಬಿಚ್ಚಿತು. ನಗಿಸೋಣ ಅಂತ, "ಫ್ರಾಕಿಗೇ ಊಟ ಸಾಕಾಗಿಲ್ಲ ಕಣೇ," ಅಂದೆ. ನಗಲಿಲ್ಲ. "ಅಜ್ಜೀ, ಆ ಹುಡುಗಿ ಏನು ತಿಂತಾಳೆ?" ಅಂದಳು. ಹಣ್ಣು ಹೆಚ್ಚಿ ಡಬ್ಬಿಗೆ ಹಾಕ್ತೀನಿ, ಸಂಜೆ ಈಜೋಕೆ ಕರೆದುಕೊಂಡು ಹೋಗ್ತೀನಿ ಅಂತ ನೀನೇ ಬರೆದಿದ್ದೆಯಲ್ಲ, ಅದನ್ನ ಹೇಳದೆ ಹೊಲಿಗೆ ಹಾಕೋಕೆ ಸೂಜಿ ಹುಡುಕಿದೆ.

ಅವತ್ತಿಂದ ಶಾಲೆಯಲ್ಲಿ ಊಟಾನೇ ಬಿಟ್ಟಿದ್ದಾಳೆ. ತಲೆ ಸುತ್ತಿ ಬಿದ್ದಳು ಅಂತ ಟೀಚರು ಕರೆಸಿದರು. (ಗಾಬರಿಯಾಗಬೇಡ, ಪೆಟ್ಟಾಗಿಲ್ಲ.) ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ತೂಕ ನೋಡಿ, "ಮುದ್ದು ಮಾಡಿ ತಿನ್ನಿಸಿಬಿಟ್ಟಿದ್ದೀರ ಅಜ್ಜಿ. ಹಣ್ಣು ತರಕಾರಿ ಕೊಡಿ, ಬಯಲಲ್ಲಿ ಓಡಾಡೋಕೆ ಬಿಡಿ," ಅಂದರು. ಒಳ್ಳೆ ಹೆಂಗಸೇ, ಮೆತ್ತಗೇ ಹೇಳಿದರು. ಆದರೆ ಎಲ್ಲಿಯ ಬಯಲು ಮಗಳೇ? ಬಾಗಿಲು ತೆಗೆದರೆ ಲಾರಿ. ನಾನು ಆ ಆಫೀಸಿನ ಮೆಟ್ಟಿಲೆಲ್ಲ ಒರೆಸಿ ಬರೋವರೆಗೂ ಒಳಗಿಂದ ಚಿಲಕ ಹಾಕಿಕೊಂಡು ಟೀವಿ ಮುಂದೆ ಕೂತಿರ್ತಾಳೆ. ಒಂದು ಸೇಬಿನ ದುಡ್ಡಿಗೆ ಬನ್ನಿನ ಪೊಟ್ಟಣವೇ ಬರುತ್ತೆ. ಸೇಬು ತಿಂದರೆ ಇನ್ನಷ್ಟು ಹಸಿವು, ಬನ್ನು ತಿಂದರೆ ನಿದ್ದೆ. ಹಸಿದ ಹೊಟ್ಟೆಯಲ್ಲಿ ಮಲಗಿಸೋಕೆ ಮನಸ್ಸಾಗದೆ ಬನ್ನೇ ತರ್ತಿದ್ದೆ. ಎದುರುಮನೆಯವಳು, "ಮಗಳು ಕಳಿಸೋದೆಲ್ಲ ಮೊಮ್ಮಗಳ ಮೈಮೇಲೇ ಇದೆ," ಅಂತ ನಗ್ತಾಳೆ. ನಾನೂ ನಕ್ಕು ಒಳಗೆ ಬಂದೆ. ಬಂದು ಅತ್ತುಬಿಟ್ಟೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಕಾಲು ಗಟ್ಟಿಯಾಗಿರಲಿ, ದೇವರು ನಿನ್ನ ತಂಪಾಗಿಟ್ಟಿರಲಿ.

ನಿನ್ನ ಅಮ್ಮ

ಇನ್ನೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯೋಕೆ ಕೈ ಓಡಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರು. ಕೂಸಿಗೆ ಸಕ್ಕರೆ ಕಾಯಿಲೆಯಂತೆ. ಒಂಬತ್ತು ವರ್ಷಕ್ಕೇ! ಇನ್ನು ದಿನಾ ಮಾತ್ರೆ. "ಅಮ್ಮನಿಗೆ ಹೇಳಬೇಡ ಅಜ್ಜಿ, ಅಳ್ತಾಳೆ," ಅಂತ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಯ್ತು ಅಂತ ಮಾತು ಕೊಟ್ಟು, ಈಗ ಅವಳು ಸ್ನಾನಕ್ಕೆ ಹೋದ ಹೊತ್ತಲ್ಲಿ ಗೀಚ್ತಾ ಇದ್ದೀನಿ. ಅಳು ಮಗಳೇ, ಬೇಡ ಅನ್ನಲ್ಲ. ಇಲ್ಲಿಗೆ ಬಂದು, ಅವಳ ಪಕ್ಕದಲ್ಲಿ ಕೂತು ಅಳು.