ರೈಟ್ ಹೇಳಿದ್ದು ನಾನೇ

ಫೆಬ್ರವರಿ 9, ಬೆಳಿಗ್ಗೆ 4.20

ಅಲಾರಂ ಇಲ್ಲದೆ ಎಚ್ಚರ. ಇಪ್ಪತ್ತೆರಡು ವರ್ಷ ವಾರ ಬಿಟ್ಟು ವಾರ ಫಸ್ಟ್ ಶಿಫ್ಟ್ ಮಾಡಿದ ಮೈ, ರಜಾ ಅಂದರೆ ನಂಬುವುದಿಲ್ಲ. ಮುಖ ತೊಳೆದು ಹೆಗಲಿಗೆ ಬ್ಯಾಗ್ ಹುಡುಕಿದೆ. ಆಮೇಲೆ ನೆನಪಾಯಿತು... ಟಿಕೆಟ್ ಮೆಷಿನ್ ಡಿಪೋದಲ್ಲಿದೆ, ನಾನು ದ್ವೀಪದಲ್ಲಿದ್ದೇನೆ.

ಪಕ್ಕದ ಮಂಚದಲ್ಲಿ ಟೀಚರಮ್ಮ. ನಮ್ಮ ಬಸ್ಸಿನ ಡ್ರೈವರರ ತಾಯಿ. ವಯಸ್ಸು ಎಪ್ಪತ್ತಮೂರು, ಮೂವತ್ತೊಂದು ವರ್ಷ ಮಿಡ್ಲ್ ಸ್ಕೂಲಿನಲ್ಲಿ ಚರಿತ್ರೆ ಪಾಠ. ನಿದ್ದೆಯಲ್ಲೂ ಹುಬ್ಬು ಗಂಟು. ಅವರಿಗೆ ಎಚ್ಚರವಾಗದಿರಲಿ ಅಂತ ಬಾತ್‌ರೂಮಿನ ಬೆಳಕಲ್ಲಿ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ಒಂಬತ್ತು ವರ್ಷದಿಂದ ಒಂದೇ ರೂಟು, ಒಂದೇ ಬಸ್ಸು, ಅವರು ಸ್ಟಿಯರಿಂಗ್ ಹಿಂದೆ, ನಾನು ಬಾಗಿಲ ಹತ್ತಿರ. ಅವರ ಹೆಂಡತಿ ತೀರಿಕೊಂಡು ಆರು ವರ್ಷ. ಡಿಪೋದಲ್ಲಿ ಅವರಿಗೆ ಸ್ಲೋ ಮೋಷನ್ ಅಂತ ಹೆಸರು. ಆ ಹೆಸರು ಸುಮ್ಮನೆ ಬಂದದ್ದಲ್ಲ — ಮದುವೆ ಆಗೋಣವಾ ಅಂತ ಕೇಳುವುದಕ್ಕೆ ಎರಡು ವರ್ಷ ತೆಗೆದುಕೊಂಡರು. ಅದೂ ಟೈರಿಗೆ ಗಾಳಿ ಹೊಡೆಸುತ್ತಾ.

ನನಗೆ ನಲವತ್ತಾರು. ಇದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಆಗಲಿ ಅಂದುಬಿಟ್ಟೆ, ಯೋಚನೆ ಮಾಡಿ ಹೇಳ್ತೀನಿ ಅನ್ನುವಷ್ಟೂ ಬಿಗುಮಾನ ಇಲ್ಲದೆ. ಆಮೇಲೆ ಅವರು ಹೇಳಿದರು: "ಅಮ್ಮ ಒಪ್ಪಬೇಕು. ಎರಡು ರೂಮಿನ ಮನೆ. ಅವ್ರು ಮುಖ ತಿರುಗಿಸ್ಕೊಂಡು ಕೂತ್ರೆ ದಿನಾ ಅನುಭವಿಸೋರು ನೀವು. ಅದು ಬೇಡ."

ಅಮ್ಮ ಒಪ್ಪಿಯೂ ಇಲ್ಲ, ಬೇಡ ಅಂದೂ ಇಲ್ಲ. "ದ್ವೀಪಕ್ಕೆ ಕರ್ಕೊಂಡು ಹೋಗು. ಅವರೂ ಬರ್ಲಿ, ನೋಡೋಣ" ಅಂದರಂತೆ.

ನೋಡುತ್ತಿದ್ದಾರೆ. ನಿನ್ನೆ ಫೆರಿ ಹತ್ತಿದಾಗಿನಿಂದ.

ಫೆಬ್ರವರಿ 9, ಸಂಜೆ 6

ಲೈಟ್‌ಹೌಸ್ — ನೂರಾ ಎಂಟು ಮೆಟ್ಟಿಲು. ಎಣಿಸಿದ್ದು ನಾನೇ, ಯಾರೂ ಕೇಳಿರಲಿಲ್ಲ. ಟೀಚರಮ್ಮ ಮೊಣಕಾಲು ನೋವು ಅಂತ ಕೆಳಗೇ ಕೂತರು. ಅಲ್ಲಿಂದ ಹಳೇ ಸುಂಕದ ಮನೆ. ಆಮೇಲೆ ನಾವಿಕರ ಸ್ಮಶಾನ. ಸಮಾಧಿಗಳ ಮೇಲೆಲ್ಲಾ ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತು. ವಯಸ್ಸು.

ಸುಂಕದ ಮನೆಯ ಮುಂದೆ ಒಂದು ಫಿರಂಗಿ. ಟೀಚರಮ್ಮ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ಕಂಡಕ್ಟರಮ್ಮ, ಇದು ಸಮುದ್ರದ ಕಡೆ ನೋಡ್ತಿಲ್ಲ, ಊರಿನ ಕಡೆ ನೋಡ್ತಿದೆ. ಯಾಕೆ ಹೇಳಿ?" ಅಂದರು. ಏಳನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹಾಗಾಯಿತು.

"ಹೊರಗಿನೋರಿಗಿಂತ ಊರಿನೋರ ಭಯಾನೇ ಜಾಸ್ತಿ ಇತ್ತೇನೋ" ಅಂದೆ.

"ಹೂಂ" ಅಂದರು. ಸರಿಯೋ ತಪ್ಪೋ ಹೇಳಲಿಲ್ಲ. ಡ್ರೈವರು ಹಿಂದಿನಿಂದ ಕಣ್ಣಲ್ಲೇ ಪಾಸು ಅಂತ ಸನ್ನೆ ಮಾಡಿದರು. ಅವರ ಮಾತನ್ನು ಏನು ನಂಬುವುದು.

ಫೆಬ್ರವರಿ 10

ಬೀಚ್. ಬರೀ ಬೀಚ್. ಬೆಳಿಗ್ಗೆ ಉತ್ತರದ್ದು, ಮರಳು ಹಿಟ್ಟಿನಷ್ಟು ನುಣುಪು. ಮಧ್ಯಾಹ್ನ ಕಲ್ಲುಗುಂಡಿನದ್ದು, ಅಲೆ ವಾಪಸು ಹೋಗುವಾಗ ಕಲ್ಲೆಲ್ಲಾ ಗಲಗಲ. ಮಂಡಿಯವರೆಗೆ ಇಳಿದೆ. ದಿನಕ್ಕೆ ಎಂಟು ಗಂಟೆ ನಿಲ್ಲುವ ಕಾಲಿಗೆ ಉಪ್ಪುನೀರು ಇಷ್ಟು ಹಿತ ಅಂತ ಯಾರೂ ಹೇಳಿರಲಿಲ್ಲ.

ಟೀಚರಮ್ಮನಿಗೆ ಮರಳು ಆಗದು. ಚಪ್ಪಲಿಯೊಳಗೆ ಹೋಗುತ್ತದಂತೆ. ಕುರ್ಚಿ ಹಾಕಿಸಿಕೊಂಡು, ಛತ್ರಿ ಬಿಚ್ಚಿಕೊಂಡು, ಪೇಪರ್ ತಿದ್ದುವವರ ಹಾಗೆ ಸಮುದ್ರ ನೋಡಿದರು.

ಇವರು ನನ್ನ ಚಪ್ಪಲಿ ಹಿಡಿದುಕೊಂಡು ದಡದಲ್ಲಿ ನಿಂತಿದ್ದರು. ಇವರು ಅಂತ ಬರೆದುಬಿಟ್ಟೆ. ಇರಲಿ, ಹೊಡೆದುಹಾಕುವುದಿಲ್ಲ.

ನಾಳೆ ದೋಣಿಯಲ್ಲಿ ಪುಟ್ಟ ನಡುಗಡ್ಡೆಗೆ. ಅಲ್ಲಿನ ಕೋಟೆ ನೋಡುವುದಕ್ಕೇ ಟೀಚರಮ್ಮ ಬಂದಿರುವುದು. ಆದರೆ ಇವರು ಬರುವುದಿಲ್ಲ. ಬೇರೆಯವರು ಓಡಿಸಿದರೆ ಇವರಿಗೆ ವಾಂತಿ. ಫೆರಿಯಲ್ಲಿ ಬಂದಾಗಲೇ ಅರ್ಧ ಆಗಿದ್ದರು. "ಅಮ್ಮನ್ನ ನಿಮ್ಮ ಕೈಗೆ ಒಪ್ಪಿಸಿದೀನಿ" ಅಂದರು.

ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಪ್ಯಾಸೆಂಜರನ್ನೂ ದಾರಿಯಲ್ಲಿ ಬಿಟ್ಟವಳಲ್ಲ ನಾನು, ಅಂತ ಜಂಬದಿಂದ ಹೇಳಿದೆ.

ಫೆಬ್ರವರಿ 11, ಮಧ್ಯಾಹ್ನ 1.50, ಜೆಟ್ಟಿ

ಕೈ ಸುಮ್ಮನಿರಲಿ ಅಂತ ಬರೆಯುತ್ತಿದ್ದೇನೆ.

ಟೀಚರಮ್ಮನನ್ನು ಬಿಟ್ಟು ಬಂದಿದ್ದೇನೆ. ಕೋಟೆಯಲ್ಲಿ.

ಬೆಳಿಗ್ಗೆ ದೋಣಿ ಹತ್ತುವಾಗಲೇ ನನ್ನ ಚಾಳಿ ಶುರುವಾಗಿತ್ತು. ಮುಂದೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ. ದೋಣಿಗೆ ಬಾಗಿಲೆಲ್ಲಿ? ದೋಣಿಯವ ನಕ್ಕ. "ಅಕ್ಕಾ, ವಾಪಸು ಬರುವಾಗ ನೀವೇ ಎಣಿಸ್ಬಿಡಿ. ಇಪ್ಪತ್ತೊಂದು ಜನ."

ಕೋಟೆಯಲ್ಲಿ ಟೀಚರಮ್ಮ, ನಾನು ನಿಧಾನಕ್ಕೆ ನೋಡ್ತೀನಿ, ನೀವು ಮುಂದೆ ಹೋಗಿ ಅಂತ ನನ್ನನ್ನು ಕಳಿಸಿದ್ದರು. ಒಂದು ಗಂಟೆಗೆ ಹೊರಡಬೇಕು. ಬಿಸಿಲು. ಎಲ್ಲರಿಗೂ ಅವಸರ. ಹಿಂದಿನಿಂದ ಮುಂದಕ್ಕೆ ತಲೆ ಎಣಿಸಿಕೊಂಡು ಬಂದೆ, ಬಸ್ಸಿನಲ್ಲಿ ಎಣಿಸುವ ಹಾಗೆ. ನಾನೂ ಪ್ಯಾಸೆಂಜರೇ ಅಂತ ನನ್ನನ್ನೂ ಸೇರಿಸಿಕೊಂಡೆ, ಅಷ್ಟು ಜಾಣತನ ಬೇರೆ. ಮುಂಭಾಗದ ನೆರಳಲ್ಲಿ ಛತ್ರಿ ಅಡ್ಡ ಹಿಡಿದು ಯಾರೋ ಹೆಂಗಸು ಕೂತಿದ್ದರು. ಬರುವಾಗ ಟೀಚರಮ್ಮ ಕೂತಿದ್ದ ಜಾಗ. ಅವರೇ ಅಂದುಕೊಂಡೆ. ಇಪ್ಪತ್ತೊಂದು, ಸರಿ. ದೋಣಿಯ ಅಂಚಿಗೆ ಎರಡು ಸಲ ಬಡಿದು "ರೈಟ್" ಅಂದೆ. ದೋಣಿಯವ ಹಗ್ಗ ಬಿಚ್ಚಿ ಒಳಗೆ ಹಾರಿದ. ಹೊರಟೆವು.

ಈ ದಡಕ್ಕೆ ಬಂದು ಎಲ್ಲರೂ ಇಳಿದ ಮೇಲೆ ಛತ್ರಿ ಮಡಿಚಿದಾಗ ಕಂಡ ಮುಖ ಬೇರೆ ಯಾರದೋ.

ಲೆಕ್ಕ ಎಲ್ಲಿ ತಪ್ಪಿತು ಅಂತ ಈಗ ಹೊಳೆಯುತ್ತಿದೆ. ಬಸ್ಸಿನಲ್ಲಿ ಓಡಿಸುವವರು ಮುಂದೆ ಕೂತಿರುತ್ತಾರೆ. ಮುಂದಿನ ಸೀಟು ಬಿಟ್ಟು ಎಣಿಸಿದರೆ ಮುಗಿಯಿತು. ದೋಣಿಯಲ್ಲಿ ಚುಕ್ಕಾಣಿ ಇರುವುದು ಹಿಂದೆ. ಚುಕ್ಕಾಣಿ ಹಿಡಿದು ಹಿಂದಿನ ಹಲಗೆಯ ಮೇಲೆ ಕೂತಿದ್ದ ದೋಣಿಯವನ ತಮ್ಮನಿಂದಲೇ ನಾನು ಒಂದು ಅಂತ ಶುರು ಮಾಡಿದ್ದು.

ಇವರಿಗೆ ಫೋನ್ ಮಾಡಿದೆ. ಹೇಳಿದೆ. ಇವರು ಕೇಳಿದ್ದು: "ನೀರಿನ ಬಾಟ್ಲು ಅಮ್ಮನ ಹತ್ರ ಇದೆಯಾ?"

"ಇಲ್ಲ. ನನ್ನ ಬ್ಯಾಗಲ್ಲಿದೆ. ಅವರ ಫೋನೂ."

"ಬರ್ತೀನಿ."

ಮುಂದಿನ ಟ್ರಿಪ್ಪು ಎರಡೂವರೆಗೆ, ಅದಕ್ಕಿಂತ ಮೊದಲು ಡೀಸೆಲ್ ಇಲ್ಲವಂತೆ. ದೋಣಿಯವ ಪಾಪ, ಒಳ್ಳೆಯವನು. "ನಾನೇ ಎಣಿಸಿದ್ದು ಅಂತ ಹೇಳ್ತೀನಿ ಬಿಡಿ ಅಕ್ಕಾ. ನಂಗೇನು, ನಾಲ್ಕು ಮಾತು ಬೈತಾರೆ, ಅಷ್ಟೇ" ಅಂದ.

ಹೂಂ ಅನ್ನಬೇಕು ಅನ್ನಿಸಿತು. ಸುಳ್ಳು ಯಾಕೆ, ಬಾಯಿ ತುದಿಗೇ ಬಂದಿತ್ತು. ಆ ಮನೆ ನನಗೆ ಬೇಕು. ಇವರು ಬೇಕು. ಇದೊಂದು ತಪ್ಪಿಗೆ ಎಲ್ಲಾ ನೀರುಪಾಲು ಆಗಿಬಿಡುತ್ತದೆ.

ಇವರು ಬರುತ್ತಿದ್ದಾರೆ. ಓಡುತ್ತಾ. ಇವರು ಓಡುವುದನ್ನು ಇವತ್ತೇ ನೋಡಿದ್ದು.

ಫೆಬ್ರವರಿ 11, ಸಂಜೆ 7.15

ಸಿಕ್ಕರು. ಚೆನ್ನಾಗಿದ್ದಾರೆ. ನಮಗಿಂತ ಚೆನ್ನಾಗಿದ್ದಾರೆ.

ಹೋಗುವಾಗ ಅರ್ಧ ಗಂಟೆಯೂ ಇವರು ದೋಣಿಯ ಅಂಚಿಗೆ ಬಗ್ಗಿಕೊಂಡೇ ಇದ್ದರು. ಬೆನ್ನು ಸವರುತ್ತಾ ಕೂತೆ. ನಡುವೆ ಒಂದು ಸಲ ತಲೆ ಎತ್ತಿ "ನೀವೇನೂ ತಿಂದಿಲ್ಲ ಅಲ್ವಾ" ಅಂತ ಕೇಳಿದರು. ಅಳು ಬಂತು.

ಕೋಟೆ ಗೋಡೆಯ ತುತ್ತತುದಿಯಲ್ಲಿ ಟೀಚರಮ್ಮ. ಪಕ್ಕದಲ್ಲಿ ಕೋಟೆ ಕಾಯುವ ಮುದುಕ. ಇಬ್ಬರೂ ಅವನ ಡಬ್ಬಿಯಿಂದ ಬ್ರೆಡ್ಡು ತಿನ್ನುತ್ತಿದ್ದರು. ಟೀಚರಮ್ಮ ಅವನಿಗೆ ಬುರುಜು ತೋರಿಸಿ ಪಾಠ ಮಾಡುತ್ತಿದ್ದರು. ಅವನೋ ಹೂಂಗುಡುತ್ತಿದ್ದ.

ನಾನು ಉಸಿರು ಕಟ್ಟಿಕೊಂಡು ಮೆಟ್ಟಿಲು ಹತ್ತಿದೆ. ಹೋದವಳೇ ಹೇಳಿಬಿಟ್ಟೆ: "ರೈಟ್ ಹೇಳಿದ್ದು ನಾನೇ. ಎಣಿಸಿದ್ದೂ ನಾನೇ. ದೋಣಿಯವಂದು ಏನೂ ತಪ್ಪಿಲ್ಲ."

"ಗೊತ್ತು. ಇಲ್ಲಿಂದ ನೋಡ್ತಾ ಇದ್ದೆ" ಅಂದರು.

ಇವರು ಬಿಳಿಚಿಕೊಂಡ ಮುಖದಲ್ಲೇ, "ನೋಡ್ತಾ ಇದ್ಯಾ? ಒಂದು ಕೂಗು ಹಾಕಬಾರದಿತ್ತಾ ಅಮ್ಮಾ?"

"ಹಾಕಬಹುದಿತ್ತು. ಹಾಕಲಿಲ್ಲ." ಸೆರಗಿನಿಂದ ಬ್ರೆಡ್ಡಿನ ಪುಡಿ ಕೊಡವಿದರು. "ಮೂವತ್ತೊಂದು ವರ್ಷ ಈ ಕೋಟೆ ಪಾಠ ಮಾಡಿದೀನಿ. ಬೋರ್ಡ್ ಮೇಲೆ ಚಿತ್ರ ಬರೆದು ಬರೆದು. ನನ್ನ ಮೊಣಕಾಲಿಗೆ ಇಲ್ಲಿ ಹತ್ತೋಕೇ ಮುಕ್ಕಾಲು ಗಂಟೆ ಬೇಕಾಯ್ತು. ಹತ್ತಿದ ತಕ್ಷಣ ಇಳೀರಿ ಅಂದ್ರೆ? ಇಳಿಯೋಕೆ ಮನಸ್ಸಾಗಲಿಲ್ಲ."

ಅಷ್ಟೇ. ನನಗೆ ಪಿತ್ತ ನೆತ್ತಿಗೇರಿತು.

"ಇಲ್ಲೇ ಇರ್ತೀನಿ ಅಂತ ಒಂದು ಮಾತು ಹೇಳಿದ್ರೆ ನಾನೂ ಇರ್ತಿದ್ದೆ. ನೀರಿಲ್ಲ, ಫೋನಿಲ್ಲ, ಈ ಬಿಸಿಲು. ಕಾಲು ಜಾರಿದ್ರೆ? ನನ್ನ ಅರ್ಧ ಪ್ರಾಣ ಹೋಯ್ತು. ನಿಮ್ಮ ಮಗನ ಮುಖ ನೋಡಿ, ಅದರಲ್ಲಿ ರಕ್ತ ಇದೆಯಾ? ಟೀಚರ್ ಆದ್ರೇನಂತೆ. ನನ್ನ ಬಸ್ಸಲ್ಲಿ ಹೀಗೆ ಮಾಡಿದ್ರೆ ಎಲ್ಲರ ಮುಂದೇನೇ ಬೈದು ಕೂರಿಸ್ತಿದ್ದೆ."

ಬಸ್ ಸ್ಟ್ಯಾಂಡಿನ ಗಂಟಲು ನನ್ನದು. ಕೋಟೆ ಎರಡು ಸಲ ಪ್ರತಿಧ್ವನಿಸಿತು. ಕಾಯುವವ ಡಬ್ಬಿ ಮುಚ್ಚಿಕೊಂಡು ಎದ್ದು ಹೋದ.

ಟೀಚರಮ್ಮ ನೀರು ಕೊಡಿ ಅಂತ ಕೈ ಚಾಚಿದರು. ಕುಡಿದರು. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ನನ್ನ ತೋಳು ಹಿಡಿದುಕೊಂಡರು, ಆದರೆ ಮಾತಿಲ್ಲ. ದೋಣಿಯಲ್ಲಿ ಮಾತಿಲ್ಲ. ಊಟಕ್ಕೆ ಕೂತಾಗಲೂ ಇಲ್ಲ.

ತಪ್ಪು ಮಾಡಿದ್ದೂ ನಾನೇ, ಬೈದವಳೂ ನಾನೇ. ನನ್ನ ಕೈಯಾರೆ ಕೆಡಿಸಿಕೊಂಡೆ. ಒಪ್ಪುತ್ತಾರೆ ಅನ್ನುವ ಆಸೆ ಇನ್ನು ಇಟ್ಟುಕೊಳ್ಳಬಾರದು.

ಫೆಬ್ರವರಿ 12, ಮಧ್ಯಾಹ್ನ

ಬೆಳಿಗ್ಗೆ ಟೀಚರಮ್ಮನೇ ಎಬ್ಬಿಸಿದರು. ಐದೂಮುಕ್ಕಾಲು! ನಾನು ಅಷ್ಟು ಹೊತ್ತು ಮಲಗಿದ್ದು ಯಾವ ಕಾಲದಲ್ಲೋ. "ಬೀಚಿಗೆ ಹೋಗೋಣ. ಇವನು ಮಲಗಿರ್ಲಿ" ಅಂದರು.

ಉತ್ತರದ ಬೀಚು. ಯಾರೂ ಇಲ್ಲ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು, ಮುಖ ಹುಳ್ಳಗೆ ಮಾಡಿಕೊಂಡು. ನೀರಿನಂಚಿಗೆ ನಡೆಸಿಕೊಂಡು ಹೋದೆ.

"ಇವರಪ್ಪ ಹೋದ್ಮೇಲೆ ನನ್ನ ಯಾರೂ ಬೈದಿರ್ಲಿಲ್ಲ" ಅಂದರು. "ಇವನು ಎಲ್ಲದಕ್ಕೂ ಸರಿ ಅಮ್ಮಾ, ಸರಿ ಅಮ್ಮಾ. ಹಳೇ ವಿದ್ಯಾರ್ಥಿಗಳು ಸಿಕ್ರೆ ಅವರೂ ಹಾಗೇ. ನಾನು ತಪ್ಪೇ ಮಾಡಲ್ಲ ಅಂತ ನಂಗೇ ನಂಬಿಕೆ ಬಂದ್ಬಿಟ್ಟಿತ್ತು."

ಜೋರು ಮಾತಾಡಿದ್ದಕ್ಕೆ ಕ್ಷಮಿಸಿ ಅಂದೆ.

"ಜೋರು ಆಯ್ತು. ಆದ್ರೆ ಸುಳ್ಳಾಗಿರ್ಲಿಲ್ಲ." ಅಲೆ ಬಂದು ಪಾದ ತೋಯಿಸಿತು. ಅವರು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು. "ಇವನಲ್ಲಿ ಏನು ಕಂಡ್ರಿ ನೀವು? ನನ್ನ ಮಗ, ಒಳ್ಳೇವನೇ. ಆದ್ರೆ ಮಾತಿಲ್ಲ, ಕತೆಯಿಲ್ಲ."

ಯೋಚನೆ ಮಾಡಬೇಕಾಗಲಿಲ್ಲ. "ಸ್ಟಾಪಿನಿಂದ ಬಸ್ಸು ಹೊರಟಾಗ ಯಾರಾದ್ರೂ ಓಡಿ ಬರ್ತಿರ್ತಾರೆ ನೋಡಿ. ನಾನು ಹೋಲ್ಡಾನ್ ಅನ್ನೋಕೆ ಮೊದಲೇ ಕನ್ನಡಿಯಲ್ಲಿ ನೋಡಿ ನಿಲ್ಲಿಸಿರ್ತಾರೆ. ಒಂಬತ್ತು ವರ್ಷದಲ್ಲಿ ಒಂದು ಸಲಾನೂ ಬೇಜಾರು ಮಾಡ್ಕೊಂಡಿಲ್ಲ. ಅವ್ರ ಪಕ್ಕದಲ್ಲಿ ವಯಸ್ಸಾಗೋದು ಹಿತವಾಗಿರುತ್ತೆ ಅನ್ನಿಸ್ತು."

ಟೀಚರಮ್ಮ ಸಮುದ್ರ ನೋಡಿದರು. "ಹೂಂ" ಅಂದರು. ಮತ್ತೆ ಅದೇ ಹೂಂ. ಆಮೇಲೆ ಕಾಫಿ ಕುಡಿಯೋಣ ಅಂದರು, ನನ್ನ ಹೆಗಲು ಹಿಡಿದು ಒಂದೊಂದೇ ಪಾದದ ಮರಳು ತೊಳೆದುಕೊಂಡರು.

ಇವರಿಗೆ ಎಲ್ಲಾ ಹೇಳಿದೆ. "ಹಂಗಂದ್ರೆ ಏನು ಅರ್ಥ?" ಅಂತ ನನ್ನನ್ನೇ ಕೇಳುತ್ತಾರೆ. ಹೆತ್ತ ತಾಯಿಯ ಹೂಂ ಇವರಿಗೇ ಗೊತ್ತಿಲ್ಲದಿದ್ದರೆ ನನಗೆಲ್ಲಿ ಗೊತ್ತಾಗಬೇಕು.

ಫೆಬ್ರವರಿ 13, ಬೆಳಿಗ್ಗೆ 10.40, ಫೆರಿ

ವಾಪಸು. ಇವರು ಹೊರಗೆ ಕಂಬಿ ಹಿಡಿದುಕೊಂಡು, ದೂರದಲ್ಲಿ ಕಣ್ಣು ನೆಟ್ಟು ನಿಂತಿದ್ದಾರೆ. ಹಾಗೆ ಮಾಡಿದರೆ ವಾಂತಿ ಬರುವುದಿಲ್ಲ ಅಂತ ದೋಣಿಯವ ಹೇಳಿಕೊಟ್ಟನಂತೆ. ಇದುವರೆಗೆ ಬಂದಿಲ್ಲ.

ಟೀಚರಮ್ಮ ನನ್ನ ಎದುರು ಬೆಂಚಿನಲ್ಲಿ ಕಿತ್ತಳೆ ಸುಲಿಯುತ್ತಿದ್ದರು. ಅರ್ಧ ನನಗೆ ಕೊಟ್ಟರು. ನಾಳೆ ಯಾವ ಶಿಫ್ಟು ಅಂತ ಕೇಳಿದರು. ಎರಡನೇ ಶಿಫ್ಟು, ಇವರು ಬಸ್ಸು ಒಳಗೆ ಹಾಕಿ ಹೊರಟ ಮೇಲೂ ನಾನು ಲೆಕ್ಕ ಒಪ್ಪಿಸುವ ಹೊತ್ತಿಗೆ ಹತ್ತೂವರೆ ಅಂದೆ. ಎಷ್ಟು ಸಲ ಹಾಗೆ ಅಂದರು. ಒಂದು ವಾರ ಬಿಟ್ಟು ಒಂದು ವಾರ ಅಂದೆ.

ಒಂದು ತೊಳೆ ಬಾಯಿಗೆ ಹಾಕಿಕೊಂಡು, ಬೀಜ ಉಗಿದು, ಕಾಗದದಲ್ಲಿ ಸುತ್ತಿಟ್ಟರು.

"ನಮ್ಮನೆ ಬೀಗಕ್ಕೆ ಎರಡೇ ಕೀ ಇರೋದು. ನಂದೊಂದು, ಇವಂದೊಂದು. ಇನ್ನೊಂದು ಮಾಡಿಸ್ಬೇಕು. ನಾನು ಒಂಬತ್ತಕ್ಕೆಲ್ಲಾ ಮಲಗ್ಬಿಡ್ತೀನಿ, ಇವನು ಮಲಗಿದ್ರೆ ಏಳಲ್ಲ, ನೀನು ಬಂದಾಗ ಎದ್ದು ಬಾಗಿಲು ತೆಗೆಯೋಕಾಗಲ್ಲ ಈ ಮೊಣಕಾಲಲ್ಲಿ."

ಕಿತ್ತಳೆ ಕೈಯಲ್ಲೇ ಉಳಿಯಿತು. ಏನಾದರೂ ಹೇಳಬೇಕು, ಎಷ್ಟೋ ಹೇಳಬೇಕು. "ಡ್ಯೂಟಿ ಇಳಿದ ದಾರಿಯಲ್ಲೇ ಒಬ್ಬ ಕೀ ಮಾಡೋನಿದಾನೆ" ಅಂದೆ. ಬಾಯಿಗೆ ಬಂದದ್ದು ಅಷ್ಟೇ.

"ಒಳ್ಳೇದಾಯ್ತು" ಅಂದರು, ಕಣ್ಣು ಮುಚ್ಚಿ ಒರಗಿಕೊಂಡರು.

ಸಂತೋಷ. ಬೇರೆ ಪದ ಹುಡುಕಿದೆ, ಸಿಗಲಿಲ್ಲ. ಇವರಿಗೆ ಇನ್ನೂ ಗೊತ್ತಿಲ್ಲ. ಬೆನ್ನು ಮಾಡಿಕೊಂಡು ಆಕಾಶ ಸಮುದ್ರ ಕೂಡುವ ಕಡೆಗೇ ನೋಡುತ್ತಿದ್ದಾರೆ. ತಿರುಗಿದರೆ ಸಾಕು, ನನ್ನ ಮುಖ ನೋಡಿಯೇ ತಿಳಿಯುತ್ತದೆ. ತಿರುಗಬಾರದೇ ಒಂದು ಸಲ.

ತಿರುಗಿದರು. ನಾನು ಹೋಗಿ ಹೇಳಿಬರುತ್ತೇನೆ, ಉಳಿದದ್ದು ಆಮೇಲೆ.