ಡಾಕ್ಟರಮ್ಮನಿಗೆ ನೀನು ಹೇಳದೇ ಹೋದದ್ದು

ಪ್ರೀತಿಯ ಶಿಷ್ಯ ನಂಜುಂಡನಿಗೆ,

ಕಿರಿಯರಿಗೆ ಬರೆಯುವಾಗ ಚಿರಂಜೀವಿ ಎಂದು ಆರಂಭಿಸುವುದು ನನ್ನ ರೂಢಿ. ನೀನು ಹೋಗಿ ಎರಡು ವರ್ಷವಾದ ಮೇಲೆ ಅದನ್ನು ಹೇಗೆ ಬರೆಯಲಿ? ಮೇಷ್ಟರಿಗಿಂತ ಮೊದಲು ಹೋಗಬಾರದೆಂಬ ಬುದ್ಧಿಯಾದರೂ ಬೇಡವೇ ನಿನಗೆ?

ನಮ್ಮ ಕೊಳ್ಳೇಗಾಲ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ ನೀನು ನನ್ನ ನಾಲ್ಕನೆಯ ತರಗತಿಯಲ್ಲಿದ್ದೆ. ಬೆಳಗಿನ ಪಾಠದಲ್ಲಿ ತೂಕಡಿಸುತ್ತಿದ್ದೆ. ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ನಸುಕಿನಿಂದ ಅಪ್ಪನ ಮಗ್ಗದ ಪಕ್ಕ ಕುಳಿತು ಕಡಿದ ರೇಷ್ಮೆ ಎಳೆ ಸೇರಿಸಿ ಬಂದಿದ್ದೀಯೆಂದು, ಕೈ ತಪ್ಪಿದರೆ ಲಾಳಿಯಿಂದ ತಲೆಗೆ ಏಟೆಂದು, ಅಂದಿನ ನೇಯ್ಗೆ ಮುಗಿಯುವವರೆಗೆ ತಿಂಡಿಯಿಲ್ಲವೆಂದು ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಸಿಟ್ಟು ನನ್ನ ಮೇಲೂ ಇದೆ.

ನಿನ್ನಪ್ಪ ತೀರಿಹೋಗಿ ಐದು ವರ್ಷವಾದರೂ ಜಗಲಿಯಲ್ಲಿ ಯಾರಾದರೂ ಅವರಂತೆ ಕೆಮ್ಮಿದರೆ ನಿನ್ನ ಕೈಯ ಲಾಳಿ ನಿಲ್ಲುತ್ತಿತ್ತು. ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಕಾಮಗೆರೆಯ ಆಸ್ಪತ್ರೆಗೆ ನಾನು ನಿನ್ನನ್ನು ಎಷ್ಟು ಸಲ ಕರೆದುಕೊಂಡು ಹೋದೆ? ಚಿಕ್ಕಂದಿನಲ್ಲಿ ಮನೆಯಲ್ಲಿ ಹೇಗಿತ್ತು ಎಂದು ಡಾಕ್ಟರಮ್ಮ ಕೇಳಿದರೆ, ನೀನು ನೆಟ್ಟಗೆ ಕುಳಿತು, "ರಾಜನಂಗೆ ಸಾಕವ್ರೆ ಕಣ್ರಮ್ಮ" ಎಂದೆ. ರಾಜನಂತೆ. ಹೊರಗೆ ಬಂದು ನಾನು ಗದರಿದೆ. "ಸತ್ತೋರ್ ಮೇಲೆ ಚಾಡಿ ಏಳಾದಾ ಸಾ?" ಎಂದೆ ನೀನು.

ಡಾಕ್ಟರಮ್ಮ ಕೇಳಿದ್ದು ಚಾಡಿಯನ್ನಲ್ಲವಯ್ಯ. ಹೆದರಿ ಹೆದರಿ ಬೆಳೆದ ಮೈ, ಹೆದರಿಸುವವರು ಹೋದ ಮೇಲೂ ಹೆದರುವುದನ್ನು ಬಿಡುವುದಿಲ್ಲ; ನಂಬಿಕೆಯವರ ಮುಂದೆ ಹೇಳಿಕೊಂಡರೆ ಒಂದಿಷ್ಟು ಇಳಿಯುತ್ತದೆ, ಉಳಿದದ್ದಕ್ಕೆ ಮದ್ದಿದೆ ಎಂದು ಎಷ್ಟು ತಾಳ್ಮೆಯಿಂದ ತಿಳಿಸಿದರು. ನೀನು ತಲೆಯಾಡಿಸಿದೆ, ಅಷ್ಟೆ. ಕೊನೆಗೆ ರಕ್ತ ಕಾರಿಕೊಂಡಾಗಲೂ ಹೇಳಲಿಲ್ಲ.

ಈಗ ಮಗ್ಗದ ಪಕ್ಕ ನಿನ್ನ ಮಗಳು ಗೌರಿ. ಎಂಟು ವರ್ಷ. ದಿನಾ ಬೆಳಿಗ್ಗೆ ಅಲ್ಲಿ ಕೂರುವ ಮೊದಲೇ ವಾಂತಿ. ನೀನು ಹೋದ ಮೇಲೆ ಅವಳನ್ನು ಮಗ್ಗಕ್ಕೆ ಕೂರಿಸಿಕೊಂಡ ನಿನ್ನಣ್ಣನನ್ನು ಹೋಗಿ ಕೇಳಿದೆ.

"ಏಟು ತಿಂದ್ರೇನೇ ಸಾ ಕೈ ಕುದ್ರಾದು. ನನ್ ತಮ್ಮ ಕಲೀನಿಲ್ವಾ?"

"ಕಲಿತವನು ಈಗ ಎಲ್ಲಿದ್ದಾನಪ್ಪ?"

"ಅವ ಸತ್ತದ್ದು ಒಟ್ಟೆನೋವಿಂದ. ಏಟಿಂದಲ್ಲ."

ಇವನಿಗೆ ಯಾವ ಪಾಠ ಹೇಳಲಿ?

ಆದರೂ ಬಿಡಲಿಲ್ಲ. ಕಳೆದ ವಾರ ಗೌರಿಯನ್ನು ಅದೇ ಡಾಕ್ಟರಮ್ಮನ ಬಳಿಗೆ ಕರೆದೊಯ್ದೆ. ನಿನ್ನಣ್ಣನೂ ಗೊಣಗುತ್ತ ಬಂದು ಬಾಗಿಲಲ್ಲಿ ನಿಂತ. ಮನೆಯಲ್ಲಿ ಹೇಗಿದೆ ಎಂದು ಅವರು ಅದನ್ನೇ ಕೇಳಿದರು. ಹುಡುಗಿ ದೊಡ್ಡಪ್ಪನನ್ನು ಒಮ್ಮೆ ನೋಡಿ ಹೇಳಿದಳು: "ಎಳೆ ಕಡಿದ್ರೆ ದೊಡ್ಡಪ್ಪ ಒಡೀತದೆ. ಅದ್ಕೇ ಮುಂಚೇನೇ ವಾಂತಿ ಬತ್ತದೆ."

ಹಿಂದಿರುಗುವಾಗ ಬಸ್ಸಿನಲ್ಲಿ ಅವನು ಗೌರಿಗೆ ಕಿಟಕಿಯ ಪಕ್ಕದ ಜಾಗ ಬಿಟ್ಟು ನನ್ನ ಬಳಿ ಕುಳಿತ. ಆಮೇಲೆ, "ಚಿಕ್ಕೋನಾಗಿದ್ದಾಗ ನಾನೂ ಕಕ್ಕತಿದ್ದೆ ಸಾ" ಎಂದ. "ಏನ್ ಮಾಡ್ಲಿ, ಏಳಿ."

"ಬೆಳಿಗ್ಗೆ ಮಗ್ಗ ಬೇಡ. ತಿಂಡಿ ತಿಂದು ಶಾಲೆಗೆ ಬರಲಿ. ಎಳೆ ಕಡಿದರೆ ನೀನೇ ಸೇರಿಸಿಕೋ. ನಾಳೆಯಿಂದಲೇ ಶುರುಮಾಡು."

ಆರು ದಿನವಾಯಿತು, ಅವನು ಕೈಯೆತ್ತಿಲ್ಲ. ವಾಂತಿ ಮಾತ್ರ ಇನ್ನೂ ನಿಂತಿಲ್ಲ. ಬರೀ ಆರು ದಿನವನ್ನು ಆ ಮಗುವಿನ ಹೊಟ್ಟೆ ಹೇಗೆ ನಂಬೀತು, ನಂಜುಂಡ? ಅದು ನಂಬುವ ತನಕ, ದಿನವೂ ಬೆಳಿಗ್ಗೆ ನಾನೇ ಹೋಗಿ ಅವಳು ತಿಂಡಿ ತಿನ್ನುವಾಗ ಎದುರಿಗೆ ಕುಳಿತಿರುತ್ತೇನೆ.

ನಿನ್ನ ಮೇಷ್ಟರು