ಒಣಹುಲ್ಲಿನ ಬಣ್ಣ

೨೧ ಜನವರಿ ೨೦೦೩, ಮಂಗಳವಾರ

ಇವತ್ತಿನ ಚಾಕುಗಳ ಅಂಚಿಗೂ ಕಬ್ಬಿಣ ತೇಯೋ ಫೈಲ್ ಉಜ್ಜಿ ನೋಡಿದೆ. ಜಾರಿತು, ಕಚ್ಚಲಿಲ್ಲ. ಫೈಲ್ ಜಾರಿದರೆ ಅಂಚು ಗಡಸು ಅಂತ ಮದುವೆಯಾದ ಹೊಸದರಲ್ಲೇ ಇವರು ಕಲಿಸಿದ್ದು. ಕುಲುಮೆಯಲ್ಲಿ ಬಡಿಯೋದು ಇವರು, ಪಾಸು ಮಾಡೋದು ನಾನು. ಗಂಗಾ ಪಾಸು ಮಾಡಿದ ಚಾಕು ಅಂದರೆ ಶಿವಾಜಿನಗರದಲ್ಲಿ ಮರುಮಾತಿಲ್ಲ.

೨೫ ಜನವರಿ

ಮಟನ್ ಅಂಗಡಿ ಮುನೀರ್ ಭಾಯ್ ಬಂದರು. ಹಳೇ ಗಿರಾಕಿ. ಮೊನ್ನೆಯ ಚಾಕು ಮುಂದಿಟ್ಟರು. ಅಂಚಲ್ಲಿ ಚಕ್ಕೆ ಹಾರಿದೆ!

“ಮೂಳೇಗೂ ತಾಕಿಲ್ಲ ಅಕ್ಕ, ಹಂಗೇ ಹೋಯ್ತು. ಬಕ್ರೀದ್ ಕುರ್ಬಾನಿ ಚಾಕುನೂ ನಿಮಗೇ ಹೇಳಿದೀನಿ. ಅಂಚಲ್ಲಿ ಕೂದಲಷ್ಟು ಕಚ್ಚು ಇದ್ರೂ ನಾನು ಮುಟ್ಟಲ್ಲ, ಪ್ರಾಣಿಗೆ ಹಿಂಸೆ ಆಗ್ಬಾರ್ದು. ಆಗಲ್ಲ ಅಂದ್ರೆ ಹೇಳ್ಬಿಡಿ, ರೆಡಿಮೇಡ್ ತಗೋತೀನಿ.”

ರೆಡಿಮೇಡ್ ಅಂತೆ! ಮೈಯೆಲ್ಲ ಉರಿಯಿತು. ಇವರಿಗೆ ತಮಾಷೆ. “ಚಾಕು ಇರ್ಲಿ ಭಾಯ್, ಜುಬ್ಬಾ ಹಳದಿ ಆಗ್ಯಾದ, ಮೊದ್ಲ ಹೊಸಾದು ಹೊಲಿಸ್ಕೋರಿ.”

“ಹೊಸದೇ ಅಲ್ವಾ ಜಟ್ಟೆಪ್ಪಣ್ಣ?” ಭಾಯ್ ತಮ್ಮ ಜುಬ್ಬಾ ನೋಡಿಕೊಂಡರು. ಬೆಳ್ಳಗೇ ಇತ್ತು. ನಾನೂ ನಕ್ಕೆ.

ಅವರು ಹೋದ ಮೇಲೆ ಅದೇ ಚಾಕುವಿಗೆ ಫೈಲ್ ಹಚ್ಚಿದೆ. ಜಾರಿತು. ಗಡಸು ಇದೆ… ಮತ್ತೆ ಮುರಿದದ್ದು ಯಾಕೆ?

೧ ಫೆಬ್ರವರಿ

ಉಕ್ಕು ಬದಲಿಸಿದೆವು. ಕಾದ ಚಾಕು ಅದ್ದೋ ಎಣ್ಣೆ ಬದಲಿಸಿದೆವು. ಫೈಲ್ ಜಾರುತ್ತದೆ. ಹಿತ್ತಾಳೆ ಸರಳಿಗೆ ಒತ್ತಿದರೆ ಅಂಚು ತುಸು ಬಾಗಿ ವಾಪಸ್ ಬರಬೇಕು — ಬರಲ್ಲ, ಟಿಕ್ ಅಂತ ಚಕ್ಕೆ. ಕೆಟ್ಟಿರೋದು ಫೈಲೋ ನನ್ನ ತಲೆಯೋ?

೬ ಫೆಬ್ರವರಿ, ಸಂಜೆ

ಕೆಂಪಗೆ ಕಾಸಿ ಎಣ್ಣೆಗೆ ಅದ್ದಿದ ಚಾಕು ಗಾಜಿನ ಹಾಗೆ, ತಟ್ಟಿದರೆ ಒಡೆಯುತ್ತದೆ. ಮತ್ತೆ ಹದವಾಗಿ ಕಾಯಿಸಬೇಕು. ಉಜ್ಜಿದ ಬಿಳಿ ಉಕ್ಕು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ ಕೂಡಲೇ ನೀರಿಗೆ. ಆ ಬಣ್ಣ ನೋಡೋದು ಇವರೊಬ್ಬರೇ, ನಾನು ಆಗ ಅಡುಗೆಯಲ್ಲಿ. ಇವತ್ತು ಸ್ಟೌಗೆ ಸೀಮೆಎಣ್ಣೆ ಮುಗಿದಿತ್ತು. ಕುಲುಮೆ ಹತ್ತಿರವೇ ಕೂತೆ.

“ಬಂತ್ ನೋಡು,” ಅಂದು ಎತ್ತಿ ನೀರಿಗೆ ಹಾಕಿದರು.

ಎಲ್ಲಿ ಬಂತು? ಬೆಳ್ಳಗೆ ಹೊಳೀತಿತ್ತು!

ಭಾಯ್ ಬಿಳಿ ಜುಬ್ಬಾ ಇವರಿಗೆ ಹಳದಿ ಕಂಡದ್ದು ನೆನಪಾಯಿತು. ಕಣ್ಣಿಗೆ ಪೊರೆ ಬಂದಾಗ ನಮ್ಮತ್ತೆಗೂ ಅನ್ನ ಹಳದಿ ಕಾಣುತ್ತಿತ್ತು. ಹೇಳದಿದ್ದರೆ ಭಾಯ್ ಹೋಗುತ್ತಾರೆ. ಹೇಳಿದರೆ… ಬಣ್ಣ ನೋಡಿಯೇ ಹೆಸರು ಮಾಡಿದವರು. ಸುತ್ತಿಗೆ ಕೆಳಗಿಟ್ಟುಬಿಟ್ಟರೆ? ಹೇಳದೇ ಎದ್ದು ಬಂದೆ. ಹೇಡಿ ನಾನು.

೮ ಫೆಬ್ರವರಿ

ಹೇಳಿಬಿಟ್ಟೆ. “ಬಂತು” ಅಂದು ಎತ್ತುವಾಗ ಕೈ ಹಿಡಿದೆ. “ಇನ್ನಾ ಬಿಳೀನೇ ಅದ ರೀ.”

ನನ್ನನ್ನೇ ನೋಡಿದರು. ಬೈತಾರೆ ಅಂದುಕೊಂಡೆ. ಚಾಕು ವಾಪಸ್ ಕೆಂಡದ ಮೇಲಿಟ್ಟರು. ಇಬ್ಬರೂ ಕಾದೆವು.

ಒಣಹುಲ್ಲಿನ ಬಣ್ಣ ಬಂದ ಕೂಡಲೇ “ಈಗ,” ಅಂದೆ.

ನೀರಿಗೆ. ಹಿತ್ತಾಳೆಗೆ ಒತ್ತಿದೆ. ಅಂಚು ಬಾಗಿತು, ವಾಪಸ್ ಬಂತು. ಅಳು ಬಂತು ನನಗೆ. ಇವರು ಊಟ ಮಾಡಿ ಗೋಡೆಗೆ ಮುಖ ಮಾಡಿ ಮಲಗಿದರು. ಸಿಟ್ಟೋ, ನೋವೋ? ತಿಳಿಯುತ್ತಿಲ್ಲ.

೧೦ ಫೆಬ್ರವರಿ

ಭಾಯ್ ಕುರ್ಬಾನಿ ಚಾಕು ಒಯ್ದರು. ಅಂಚಿನ ಮೇಲೆ ಉಗುರು ಎಳೆದು ನೋಡಿದರು, ಎಲ್ಲೂ ತಡೆಯಲಿಲ್ಲ. “ಜಟ್ಟೆಪ್ಪಣ್ಣ, ನಿಮ್ಮ ಕೈ ವಾಪಸ್ ಬಂತು ನೋಡಿ!”

“ಕೈ ಎಲ್ಲೂ ಹೋಗಿದ್ದಿಲ್ಲ ಭಾಯ್. ಕಣ್ಣು…” ಅಂದರು ಇವರು.

ನಿಲ್ಲಲಾರದೆ ಚಹಾ ಇಡಲು ಒಳಗೆ ಓಡಿ ಬಂದೆ. ಮುಂದೆ ಏನಂದರೋ, ಸ್ಟೌ ಸದ್ದಿಗೆ ಕೇಳಲಿಲ್ಲ. ಕಣ್ಣಾಸ್ಪತ್ರೆಗೆ ಬರುತ್ತಾರೋ ಇಲ್ಲವೋ, ಇವತ್ತು ಕೇಳಲೇಬೇಕು. ಆದರೆ ಹೇಗೆ…

ಕುಲುಮೆ ಹತ್ತಿರದಿಂದ ಇವರ ಕೂಗು. “ಗಂಗಾ, ಬಾ ಇಲ್ಲೆ. ಬಣ್ಣ ನೋಡಿ ಹೇಳು, ಈಗ ಎತ್ಲೇನು—”